ಯಾವ ಕಾರಣಕ್ಕೂ ಬಿಡಬೇಡಿ

ಬಸ್ಸಿಗೆ ಅವರು ಹತ್ತಿದರು, ಅವರ ಎಡಗಾಲಿನ ಚಪ್ಪಲಿ ಹತ್ತಲಿಲ್ಲ. ಎಲ್ಲ ತಾಪತ್ರಯಕ್ಕೂ ಮೂಲ ಅದೇ.

ಬರೀ ಚಪ್ಪಲಿ ಹೋಗಿದ್ದರೆ ಹಾಳಾಗಲಿ ಎನ್ನಬಹುದಿತ್ತು. ಆದರೆ ಅದು ಹೋದದ್ದು ಹೆಂಡತಿಯ ಅಕ್ಕನ ಮನೆಗೆ ಹೋಗುವ ದಾರಿಯಲ್ಲಿ. ಅಕ್ಕ ಎಂದಿನಂತೆ ಬಾಗಿಲಲ್ಲೇ ನಿಂತು, "ಬಸ್ಸಲ್ಲೇ ಬಂದ್ರಾ?" ಎಂದರು. ತಂಗಿಯ ಮದುವೆಯಾದಾಗಿನಿಂದ ಅವರು ತಪ್ಪದೆ ಕೇಳುತ್ತ ಬಂದ ಪ್ರಶ್ನೆ ಅದು. ಕೇಳುವುದು ತಪ್ಪಲ್ಲ, ಕೊನೆಗೊಂದು 'ಲ್ಲೇ' ಸೇರಿಸುವುದು ತಪ್ಪು ಎಂದು ಹೆಂಡತಿಯ ದೂರು. "ಬಸ್ಸಲ್ಲಿ ಬಂದ್ರಾ ಅಂದ್ರೆ ವಿಚಾರಿಸಿಕೊಂಡ ಹಾಗೆ. ಬಸ್ಸಲ್ಲೇ ಬಂದ್ರಾ ಅಂದ್ರೆ ಅಯ್ಯೋ ಪಾಪ ಅಂದ ಹಾಗೆ." ಆ ದಿನ ಅಕ್ಕನ ನೋಟ ಪ್ರಶ್ನೆಯಲ್ಲಿ ನಿಲ್ಲದೆ ಕೆಳಗಿಳಿದು, ಇವರ ಬರಿಗಾಲಿನ ಮೇಲೆ ಕೂತಿತು. ಅಕ್ಕನ ಗಂಡ ಮಾತೇ ಆಡದೆ ಒಳಗೆ ಹೋಗಿ ತಮ್ಮದೊಂದು ಜೊತೆ ಹಳೆಯ ಚಪ್ಪಲಿ ತಂದಿಟ್ಟರು. ಒಳ್ಳೆಯ ಮನುಷ್ಯ. ಒಳ್ಳೆಯವರು ಮಾಡುವ ಅವಮಾನಕ್ಕೆ ಔಷಧವಿಲ್ಲ.

ಮರಳಿ ಬರುವಾಗ ಬಸ್ಸಿನ ಕಂಬಿ ಹಿಡಿದು ನಿಂತ ಹೆಂಡತಿ ಹೇಳಿದಳು. "ಇನ್ನೊಂದು ಸಲ ನಾನು ಆ ಮನೆ ಮೆಟ್ಟಿಲು ಹತ್ತೋದು ಕಾರಿಂದ ಇಳಿದೇ. ಇಲ್ಲಾಂದ್ರೆ ಹತ್ತೋದೇ ಇಲ್ಲ."

ಆ ಇನ್ನೊಂದು ಸಲ ಬರುವ ಭಾನುವಾರವೇ ಇತ್ತು. ಅಕ್ಕನ ಗಂಡನ ನಿವೃತ್ತಿಯ ಊಟ, ಸಂಜೆಗೆ.

ನಮ್ಮ ಕಥಾನಾಯಕರು ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುವವರು. ಬೀದಿಯಲ್ಲಿ ಅವರ ನಿಜವಾದ ಹೆಸರು ಯಾರಿಗೂ ನೆನಪಿಲ್ಲ, ಎಲ್ಲರ ಬಾಯಲ್ಲೂ ಅವರು 'ತಿದ್ದುಪಡಿ'ಯವರೇ. ಕಾಗದದ ಮೇಲಿನ ತಪ್ಪು ತಿದ್ದಿ ಸಂಬಳ ಪಡೆಯುವುದು ಸರಿ. ಇವರು ಸಂಬಳವಿಲ್ಲದೆ ಗಾಳಿಯಲ್ಲಿನ ತಪ್ಪನ್ನೂ ತಿದ್ದುತ್ತಿದ್ದರು. ಹೆಂಡತಿ "ಹಾಲು ಕಾಯ್ತಾ ಇದೆ" ಎಂದರೆ, "ಯಾರಿಗಾಗಿ?" ಎನ್ನುತ್ತಿದ್ದರು. ಪ್ರೆಸ್ಸಿನ ಮೆಷಿನ್‌ನವರು "ನೆಗಡಿ ಹಿಡಿದಿದೆ" ಎಂದರೆ, "ಅದು ನಿಮ್ಮನ್ನು ಹಿಡಿದದ್ದೋ, ನೀವು ಅದನ್ನು ಹಿಡಿದದ್ದೋ?" ಎಂದು ವಿಚಾರಣೆ. ಡ್ರೈವಿಂಗ್ ಸ್ಕೂಲಿನವರು 'ಒಂದೇ ತಿಂಗಳಲ್ಲಿ ಕಾರು ಬಿಡಿ' ಎಂಬ ಕರಪತ್ರ ಅಚ್ಚಿಗೆ ತಂದರೆ, 'ಚಲಾಯಿಸಿ' ಎಂದು ತಿದ್ದಿ, ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ, 'ಕಾರು ಬಿಟ್ಟವನು ನಡೆದುಕೊಂಡು ಹೋಗಬೇಕಾಗುತ್ತದೆ' ಎಂದು ಟಿಪ್ಪಣಿ ಬರೆದಿದ್ದರು. ಆ ಸ್ಕೂಲಿನವರು ದೊಡ್ಡ ಮನಸ್ಸಿನವರು. ನಕ್ಕು, ಇವರಿಗೇ ಕಾರು ಕಲಿಸಿ, ಲೈಸೆನ್ಸನ್ನೂ ಕೊಡಿಸಿದ್ದರು. ಕಾರಿಲ್ಲದ ಲೈಸೆನ್ಸು ಇಷ್ಟು ದಿನ ಬೀರುವಿನಲ್ಲಿ ಬಟ್ಟೆಗಳ ಜೊತೆ ಮಲಗಿತ್ತು.

ಮಾತಿನಲ್ಲಿ ಹೀಗೆ ಹುಲಿಯಾದವರು ಅಂಗಡಿಗೆ ಹೋದರೆ ಇಲಿ. ಮನೆಯ ಫ್ರಿಜ್ಜನ್ನು ಆರಿಸಿದ್ದು ಪ್ರೆಸ್ಸಿನ ಮಾಲೀಕರು. ಅದು ಅಡುಗೆಮನೆಯ ಬಾಗಿಲಲ್ಲಿ ತೂರದೆ ಹಾಲ್‌ನಲ್ಲೇ ನೆಲೆಸಿ, ಬಂದವರೆಲ್ಲ ಅದರ ಪಕ್ಕದಲ್ಲೇ ಕೂರಬೇಕಾಗಿತ್ತು. ಮಂಚವನ್ನು ಆರಿಸಿದ್ದು ಮೇಲಿನ ಮನೆಯವರು. ಅದರಲ್ಲಿ ಒಬ್ಬರು ಮಗ್ಗುಲಾದರೆ ಇನ್ನೊಬ್ಬರಿಗೆ ಎಚ್ಚರವಾಗುತ್ತಿತ್ತು, ಕೆಲವೊಮ್ಮೆ ಮೇಲಿನ ಮನೆಯವರಿಗೂ.

"ಇದೊಂದನ್ನಾದ್ರೂ ನೀವೇ ನೋಡಿ ತಗೊಳ್ಳಿ," ಎಂದು ಭಾನುವಾರ ಬೆಳಿಗ್ಗೆ ಹೆಂಡತಿ ಹೇಳಿದಳು. ಗದರಿಕೆಯಾಗಿರಲಿಲ್ಲ, ಬೇಡಿಕೆಯಾಗಿತ್ತು. ಅದಕ್ಕೇ ಅವರಿಗೆ ಹೆಚ್ಚು ಭಯವಾಯಿತು. "ಕೇಳೋದಿದ್ರೆ ನಮ್ಮಣ್ಣನ್ನ ಕೇಳಿ. ಅವನು ನಿನ್ನೆ ಸಂಜೇನೇ ಹೋಗಿ ಎರಡು ಕಾರು ನೋಡ್ಕೊಂಡು ಬಂದಿದ್ದಾನೆ. ಬೇರೆ ಯಾರ ಮಾತೂ ಬೇಡ."

ಹೆಂಡತಿಯ ಅಣ್ಣ, ಅಂದರೆ ಇವರ ಭಾವ, ಗ್ಯಾರೇಜು ಇಟ್ಟಿದ್ದ ಮೆಕ್ಯಾನಿಕ್. ಕೈ ಬಂಗಾರ, ಬಾಯಿಗೆ ಬೀಗ. ಮಾತು ಪೆಟ್ರೋಲಿನಂತೆ, ಸುಮ್ಮನೆ ಸುಡಬಾರದು ಎಂಬ ಸಿದ್ಧಾಂತದವನು. ತನ್ನ ಮದುವೆಗೆ ಕರೆಯಲು ಬಂದಾಗಲೂ "ಮದುವೆ" ಎಂದಷ್ಟೇ ಹೇಳಿ ಹೋಗಿದ್ದ. ಯಾರದು ಎಂದು ಆಮೇಲೆ ಫೋನ್ ಮಾಡಿ ಕೇಳಬೇಕಾಯಿತು.

ಬೇರೆ ಯಾರ ಮಾತೂ ಬೇಡ ಎಂದು ಬಾಗಿಲು ದಾಟಿದರೆ, ಗೇಟಿನ ಬಳಿ ಬೇರೆ ಯಾರೋ ನಿಂತೇ ಇದ್ದರು. ಪಕ್ಕದ ಮನೆಯ ಟೇಲರ್. ಕೊರಳಲ್ಲಿ ಅಳತೆ ಟೇಪು, ಕಿವಿಯ ಮೇಲೆ ಸೀಮೆಸುಣ್ಣ.

"ಕಾರು ತಗೊಳ್ಳೋಕೆ ಹೊರಟ್ರಾ ಸಾರ್?"

"ನಿಮಗೆ ಯಾರು ಹೇಳಿದರು?"

"ನಿಮ್ಮ ಮನೆ ಗೋಡೆ ಸಾರ್, ಬಹಳ ತೆಳು. ಒಬ್ಬರೇ ಹೋಗಬಾರದು. ಬಟ್ಟೆ ತಗೊಳ್ಳೋಕೇ ಜೊತೆಗೊಬ್ಬರು ಬೇಕು. ನಡೀರಿ."

ಬೇಡ ಎನ್ನುವುದು ತಿದ್ದುಪಡಿಯವರಿಗೆ ಹುಟ್ಟಿನಿಂದಲೂ ಬಾರದ ವಿದ್ಯೆ. ಇಬ್ಬರೂ ಬಸ್ಸು ಹತ್ತಿದರು. ದಾರಿಯುದ್ದಕ್ಕೂ ಟೇಲರ್ ಸಲಹೆ ಹೊಲಿಯುತ್ತ ಹೋದರು. ಹೊಸ ಕಾರು ಬೇಡ, ಹೊಸ ಬಟ್ಟೆಯ ಹಾಗೆ ಮೊದಲ ಒಗೆತದಲ್ಲೇ ಬೆಲೆ ಕುಗ್ಗುತ್ತದೆ. ತೀರಾ ಹಳೆಯದೂ ಬೇಡ, ತೇಪೆ ಹಾಕುವುದರಲ್ಲೇ ಜೀವನ ಮುಗಿಯುತ್ತದೆ. ಬಣ್ಣಕ್ಕೆ ಮರುಳಾಗಬಾರದು. ಮನೆಯ ಸಂದಿಯ ಅಗಲ ಮೊದಲೇ ಅಳೆದಿರಬೇಕು. ಅದನ್ನು ಟೇಲರ್ ಹಿಂದಿನ ದಿನವೇ ಅಳೆದಿದ್ದರು. ಹೇಳಿದ್ದರಲ್ಲಿ ಒಂದೂ ತಪ್ಪಿರಲಿಲ್ಲ, ತಪ್ಪಿದ್ದರೆ ತಿದ್ದುಪಡಿಯವರಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಹಳೆಯ ಕಾರು ಮಾರುವ ಜಾಗದ ಮುಂದೆ ಎತ್ತರದ ಬೋರ್ಡಿತ್ತು. ಅದನ್ನು ನೋಡಿದ್ದೇ ತಿದ್ದುಪಡಿಯವರು ಗಕ್ಕನೆ ನಿಂತರು. 'ಇಲ್ಲಿ ಹಳೆಯ ಕಾರುಗಳನ್ನು ಕೊಲ್ಲಲಾಗುವುದು' ಎಂದು ಬರೆದಿತ್ತು.

ಬಿಳಿ ಹಲ್ಲು ಬಿಟ್ಟುಕೊಂಡು ಬಂದ ದಲ್ಲಾಳಿಗೆ ಅವರು ನಮಸ್ಕಾರವನ್ನೂ ಹೇಳಲಿಲ್ಲ. "ಇದು ಕೊಳ್ಳಲಾಗುವುದು ಆಗಬೇಕು. ದೊಡ್ಡ ಳ."

"ದೊಡ್ಡದಾಗೇ ಬರೆಸಿದ್ದೀವಲ್ಲ ಸಾರ್, ಬಸ್ಸಿಂದಾನೇ ಕಾಣುತ್ತೆ."

"ಅಕ್ಷರ ದೊಡ್ಡದಲ್ಲ. ಳಕಾರ."

"ಯಾವ ಕಾರಾದ್ರೂ ಇದೆ ಸಾರ್ ನಮ್ಮಲ್ಲಿ, ಒಳಗೆ ಬನ್ನಿ."

ಭಾವ ನೋಡಿಹೋಗಿದ್ದ ಎರಡೂ ಕಾರು ಅಕ್ಕಪಕ್ಕದಲ್ಲೇ ನಿಂತಿದ್ದವು. ಒಂದು ನೀಲಿ, ಚಿಕ್ಕದು, ಬಾಗಿಲಿನ ಮೇಲೊಂದು ಗೀರು. ಇನ್ನೊಂದು ಬಿಳಿ, ಉದ್ದನೆಯದು. ಮುಖ ನೋಡಿಕೊಂಡು ತಲೆ ಬಾಚಬಹುದು, ಅಷ್ಟು ಹೊಳಪು.

ತಿದ್ದುಪಡಿಯವರು ಮೊದಲು ನೀಲಿಯೊಳಗೆ ಕೂತರು. ಕೂತದ್ದೇ ಪ್ರೆಸ್ಸಿನ ತಮ್ಮ ಕುರ್ಚಿಯಲ್ಲಿ ಕೂತ ಹಾಗಾಯಿತು. ಕೈ ಚಾಚಿದಲ್ಲಿ ಎಲ್ಲವೂ ಇತ್ತು. ಕೀ ತಿರುಗಿಸಿದರೆ ಒಂದೇ ಸಲಕ್ಕೆ ಹೊತ್ತಿಕೊಂಡು, ಮೆಲ್ಲನೆ ಗುನುಗಿತು. ಬೀದಿಯ ತುದಿಯ ಏರನ್ನು ಹತ್ತಿಸಿ ಇಳಿಸಿಕೊಂಡು ಬಂದರು, ಎಲ್ಲೂ ಕೆಮ್ಮಲಿಲ್ಲ. ಟೇಲರ್ ಹಿಂದಿನ ಸೀಟಿನ ಹೊದಿಕೆ ಮಗುಚಿ, "ಒಳಹೊಲಿಗೆ ನೋಡಿ ಸಾರ್, ಜೋಡಿ ಹೊಲಿಗೆ. ಇದನ್ನ ಇಟ್ಕೊಂಡಿದ್ದೋರು ಮರ್ಯಾದಸ್ಥರು," ಎಂದರು. ಟೇಪು ಬಿಚ್ಚಿ, "ಮನೆಯವರ ಮೊಣಕಾಲಿಗೆ ಆರಾಮಾಗಿ ಜಾಗ ಇದೆ," ಎಂದೂ ಸೇರಿಸಿದರು. ಹೆಂಡತಿಯ ಮೊಣಕಾಲಿನ ಅಳತೆ ಟೇಲರ್‌ಗೆ ಹೇಗೆ ಗೊತ್ತು ಎಂದು ಕೇಳುವ ಮನಸ್ಸಾದರೂ ತಿದ್ದುಪಡಿಯವರು ಕೇಳಲಿಲ್ಲ. ಇದೇ ಇರಲಿ ಎಂದು ಅವರ ಒಳಗೊಂದು ದನಿ ಸ್ಪಷ್ಟವಾಗಿ ಹೇಳಿತು. ಆ ದನಿ ಅವರಿಗೆ ಅಪರಿಚಿತ. ಅದು ತಮ್ಮದೇ ಎಂದು ಗೊತ್ತಾಗಲು ಸ್ವಲ್ಪ ಹೊತ್ತು ಬೇಕಾಯಿತು.

"ಒಮ್ಮೆ ಬಿಳೀದೂ ನೋಡಿಬಿಡಿ ಸಾರ್," ಎಂದ ದಲ್ಲಾಳಿ.

"ಇದರ ಇಂಧನ ದಕ್ಷತೆ ಎಷ್ಟು?"

"ದಕ್ಷತೆ ಅಂದ್ರೆ ನಮ್ಮ ಹತ್ರ ಯಾರೂ ಎರಡು ಮಾತಾಡಂಗಿಲ್ಲ ಸಾರ್."

ಬಿಳಿಯನ್ನು ದಲ್ಲಾಳಿಯೇ ಅಂಗಳದಲ್ಲಿ ಒಂದು ಸುತ್ತು ಹಾಕಿಸಿದ. ಪಕ್ಕದಲ್ಲಿ ಕೂತಿದ್ದ ತಿದ್ದುಪಡಿಯವರಿಗೆ ಕಾಲಿನ ಬಳಿ ಕಟಕಟ ಸದ್ದು ಕೇಳಿಸಿತು.

"ಅದೇನು ಸದ್ದು?"

"ರೇಡಿಯೋ ಸಾರ್."

"ರೇಡಿಯೋ ಹಾಕಿಲ್ಲವಲ್ಲ?"

"ಹಾಕಿಲ್ಲ ಅಂತಾನೇ ಆ ಸದ್ದು." ದಲ್ಲಾಳಿ ರೇಡಿಯೋ ಹಾಕಿದ. ನಿಜಕ್ಕೂ ಕಟಕಟ ಆಮೇಲೆ ಕೇಳಿಸಲಿಲ್ಲ.

ಅಷ್ಟು ಹೊತ್ತಿಗೆ ಭಾವನ ಫೋನು ಬಂತು. ಹಿಂದೆ ಗ್ಯಾರೇಜಿನ ಸುತ್ತಿಗೆ ಸದ್ದು. ಸರಿಯಾಗಿ ಕೇಳಿಸಲೆಂದು ತಿದ್ದುಪಡಿಯವರು ಸ್ಪೀಕರ್ ಹಾಕಿದರು. ಟೇಲರ್ ಕಿವಿಯಿಂದ ಸೀಮೆಸುಣ್ಣ ತೆಗೆದು ಹತ್ತಿರ ಬಂದರು.

"ಸಂಜೆ ಅಕ್ಕನ ಮನೆ, ಅಲ್ವಾ?" ಎಂದ ಭಾವ.

"ಹೌದು ಭಾವ. ನೀವು ಎರಡೂ ನೋಡಿದ್ದೀರಲ್ಲ. ಏನಂತೀರಿ?"

"ನೀಲಿದು ಬಿಡಿ. ಬಿಳೀದು ಯಾವ ಕಾರಣಕ್ಕೂ ಬಿಡಬೇಡಿ."

ಫೋನು ಕಟ್ಟಾಯಿತು. ಭಾವನ ಲೆಕ್ಕದಲ್ಲಿ ಅದು ಭಾಷಣ.

ತಿದ್ದುಪಡಿಯವರು ನೀಲಿ ಕಾರಿನ ಕಡೆ ಒಮ್ಮೆ ನೋಡಿದರು. ಒಳಗಿನ ದನಿ ಏನೋ ಹೇಳಲು ಹೊರಟಿತ್ತು, ಆದರೆ ಅದಕ್ಕೆ ಗ್ಯಾರೇಜು ಇರಲಿಲ್ಲ. 'ಯಾವ ಕಾರಣಕ್ಕೂ' ಎಂದು ಭಾವ ಹೇಳಿದ್ದಾನೆ. ಬೇಕಿಲ್ಲದ ಒಂದು ಪದವನ್ನೂ ಆಡದವನು ಎರಡು ಪದ ಹೆಚ್ಚಿಗೆ ಆಡಿದ್ದಾನೆ. ತಮಗೆ ಏನು ಗೊತ್ತು? ತಮಗೆ ಗೊತ್ತಿರುವುದು ಳಕಾರ.

"ಬಿಳಿಯದನ್ನೇ ಕೊಡಿ," ಎಂದರು.

ದಲ್ಲಾಳಿ ಒಂದು ಕ್ಷಣ ಅವರ ಮುಖವನ್ನೇ ನೋಡಿದ. ಬೋರ್ಡು ಹಾಕಿದಾಗಿನಿಂದ ಇಂಥ ದಿನ ಬಂದಿರಲಿಲ್ಲವೇನೋ, ಅವನು ಓಡಿಹೋಗಿ ಎಲ್ಲರಿಗೂ ಕಾಫಿ ತರಿಸಿದ. ಆಶ್ಚರ್ಯವೆಂದರೆ ಟೇಲರ್ ಸರಿ ಎಂದೂ ಹೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಕಾಫಿ ಕುಡಿದು, ನೀಲಿ ಕಾರಿನ ಸುತ್ತ ಒಂದು ಸುತ್ತು ಬಂದು, "ಅಂಗಡೀಲಿ ಅರ್ಜೆಂಟ್ ಕೆಲಸ ಇದೆ ಸಾರ್, ನೀವು ನಡೀರಿ," ಎಂದರು. ಆ ಮನುಷ್ಯ ಸಲಹೆ ಕೊಡದೆ ಬಾಯಿ ಮುಚ್ಚಿಕೊಂಡದ್ದು ಅದೇ ಮೊದಲು. ಕಾಗದಪತ್ರಕ್ಕೆ ಸಹಿ ಹಾಕುತ್ತ ಕಾಗುಣಿತ ತಿದ್ದುವುದರಲ್ಲಿ ಮುಳುಗಿದ್ದ ತಿದ್ದುಪಡಿಯವರು ಅದನ್ನು ಗಮನಿಸಲಿಲ್ಲ.

ಸಪಾಟು ದಾರಿಯಲ್ಲಿ ಬಿಳಿ ಕಾರು ರೇಡಿಯೋ ಹಾಡಿಕೊಂಡು ಮನೆಗೆ ಬಂತು. ಬೀದಿಯ ಅರ್ಧ ಜನ ಹೊರಗೆ ಬಂದರು. ಮೇಲಿನ ಮನೆಯವರು ಟೈರಿಗೆ ಒದ್ದು ನೋಡಿದರು. ಯಾಕೆ ಒದೆಯುತ್ತಾರೆ ಎಂದು ಒದೆಯುವವರಿಗೂ ಗೊತ್ತಿರುವುದಿಲ್ಲ, ಆದರೆ ಒದ್ದ ಮೇಲೆ ತಲೆ ಆಡಿಸಬೇಕು. ಅವರು ಆಡಿಸಿದರು. ಹೆಂಡತಿ ಮಾತ್ರ ಗೇಟಿನಲ್ಲೇ ನಿಂತು ಕಾರನ್ನು ನೋಡಿದಳು, ಗಂಡನನ್ನು ನೋಡಿದಳು.

"ನೀವೇ ಆರಿಸಿದ್ರಾ?"

"ನಾನೇ. ನಿಮ್ಮಣ್ಣನೂ ಯಾವ ಕಾರಣಕ್ಕೂ ಬಿಡಬೇಡಿ ಅಂದ."

ಅವಳು ಸೆರಗಿನ ತುದಿಯಿಂದ ಕನ್ನಡಿಯ ಮೇಲಿನ ಧೂಳು ಒರೆಸಿದಳು. ಧೂಳೇನೂ ಇರಲಿಲ್ಲ. ಸಂಜೆ ಬೀರುವಿನ ಒಳ್ಳೆಯ ಬಟ್ಟೆ ಉಟ್ಟು ಮುಂದಿನ ಸೀಟಿನಲ್ಲಿ ಕೂತಾಗ, "ಅಕ್ಕ ಇವತ್ತು ಬಾಗಿಲಲ್ಲಿ ನಿಂತು ಏನು ಕೇಳ್ತಾಳೆ ನೋಡೋಣ," ಎಂದು ನಕ್ಕಳು. ಆ ನಗುವಿಗಾಗಿ ತಿದ್ದುಪಡಿಯವರು ಇನ್ನೂ ಎರಡು ಕಾರು ಕೊಳ್ಳಲು ಸಿದ್ಧರಿದ್ದರು.

ಅಕ್ಕನ ಮನೆ ಇದ್ದದ್ದು ಊರಿನ ಎತ್ತರದ ಬಡಾವಣೆಯಲ್ಲಿ. ದೊಡ್ಡ ಏರು ಶುರುವಾದ ಕೂಡಲೇ ಕಾಲಿನ ಬಳಿ ಕಟಕಟ ಎಂದಿತು. ತಿದ್ದುಪಡಿಯವರು ರೇಡಿಯೋ ಜೋರು ಮಾಡಿದರು. ಕಟಕಟವೂ ಜೋರಾಯಿತು. ಗೇರು ಬದಲಿಸಿದರೆ ಕೋಲು ಸಾರಿನ ಸೌಟಿನಂತೆ ಎತ್ತ ತಿರುಗಿಸಿದರೂ ತಿರುಗಿತು. ಕಾರು ನಿಟ್ಟುಸಿರು ಬಿಟ್ಟು ನಿಂತು, ಒಂದು ಕ್ಷಣ ಯೋಚಿಸಿ, ಹಿಂದಕ್ಕೆ ಹೊರಟಿತು.

ಬ್ರೇಕು, ಹ್ಯಾಂಡ್ ಬ್ರೇಕು, ಎರಡನ್ನೂ ಒತ್ತಿ ಎಳೆದು ಹೇಗೋ ರಸ್ತೆಯ ಬದಿಗೆ ನಿಲ್ಲಿಸಿದರು. ಆದರೂ ಅದು ಇಂಚಿಂಚಾಗಿ ಜಾರುತ್ತಿತ್ತು. ಚಕ್ರದ ಹಿಂದೆ ಇಡಲು ಸುತ್ತಮುತ್ತ ಒಂದು ಕಲ್ಲೂ ಇಲ್ಲದಷ್ಟು ಚೊಕ್ಕ ಬಡಾವಣೆ. ತಿದ್ದುಪಡಿಯವರು ಎಡಗಾಲಿನ ಹೊಸ ಚಪ್ಪಲಿಯನ್ನೇ ತೆಗೆದು ಚಕ್ರಕ್ಕೆ ಒತ್ತುಕೊಟ್ಟರು. ಕಾರು ನಿಂತಿತು. ಆಮೇಲೆ ಭಾವನಿಗೆ ಫೋನು ಹಚ್ಚಿದರು.

"ಭಾವ, ಕಾರು ಏರಿನಲ್ಲಿ ನಿಂತುಹೋಗಿದೆ."

"ಬಿಳೀದಾ?"

"ಹೌದು."

ಆ ಕಡೆ ಸುತ್ತಿಗೆಯ ಸದ್ದು ನಿಂತಿತು. "ಬಿಡಬೇಡಿ ಅಂದಿದ್ದೆ."

"ಅಂದಿದ್ದಿರಿ. ಅದಕ್ಕೇ ತಗೊಂಡೆ."

"ಬಿಡಬೇಡಿ ಅಂದಿದ್ದೆ," ಎಂದು ಭಾವ ಮಗುವಿಗೆ ಹೇಳುವಂತೆ ನಿಧಾನವಾಗಿ ಹೇಳಿದ. "ಗೇರ್ ಬಾಕ್ಸ್ ಹೋಗಿದೆ. ಏರಲ್ಲಿ ಬಿಟ್ರೆ ನಿಲ್ಲುತ್ತೆ. ನೀಲಿದು ಚೆನ್ನಾಗಿದೆ, ಅದನ್ನ ಬಿಡಿ ಅಂದೆ."

ತಾವು ಬಿಟ್ಟದ್ದು ಯಾವುದನ್ನು ಎಂದು ತಿದ್ದುಪಡಿಯವರಿಗೆ ಈಗ ಅರ್ಥವಾಯಿತು. ಆದರೂ ಹುಟ್ಟುಗುಣ ಸುಟ್ಟರೂ ಹೋಗದು. "ಭಾವ, ಅದಕ್ಕೆ ಓಡಿಸಬೇಡಿ ಅನ್ನಬೇಕು."

"ಓಡಿಸೋದು ಬೀದಿ ನಾಯಿನ. ಗಾಡಿ ಬಿಡೋದು." ಫೋನು ಕಟ್ಟಾಯಿತು.

ಗೋಡೆಯಷ್ಟೇ ಅಲ್ಲ, ಫೋನೂ ತೆಳುವಾಗಿತ್ತು. ಹೆಂಡತಿ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಬೈದಿದ್ದರೆ ಚೆನ್ನಾಗಿರುತ್ತಿತ್ತು. ಅವಳು ಸೀಟಿನಿಂದ ಇಳಿದು, ಬಾಗಿಲನ್ನು ಮೆಲ್ಲನೆ ಮುಚ್ಚಿ, ಏರಿನ ತುದಿಯಲ್ಲಿ ಕಾಣುತ್ತಿದ್ದ ಅಕ್ಕನ ಬಡಾವಣೆಯ ದೀಪಗಳನ್ನೇ ನೋಡುತ್ತ ನಿಂತಳು. "ನೀಲಿ ಕಾರು ನಿಮಗೆ ಹಿಡಿಸಿರಲಿಲ್ವಾ?" ಎಂದು ಕೇಳಿದಳು.

"ಹಿಡಿಸಿತ್ತು," ಎಂದರು ತಿದ್ದುಪಡಿಯವರು. ಅವರಿಗೆ ನಿಜವಾಗಿ ನಾಚಿಕೆಯಾದದ್ದು ಆಗ.

ಅಷ್ಟರಲ್ಲಿ ಕೆಳಗಿನಿಂದ ಒಂದು ಕಾರು ಮೆಲ್ಲನೆ ಗುನುಗುತ್ತ ಏರು ಹತ್ತಿಕೊಂಡು ಬಂದು ಇವರ ಪಕ್ಕದಲ್ಲಿ ನಿಂತಿತು. ನೀಲಿ ಬಣ್ಣ, ಬಾಗಿಲಿನ ಮೇಲೊಂದು ಗೀರು. ಕಿಟಕಿಯಿಂದ ಹೊರಬಂದದ್ದು ಅಳತೆ ಟೇಪು, ಅದರ ಹಿಂದೆ ಟೇಲರ್ ತಲೆ.

"ಏನ್ಸಾರ್, ನಿಂತುಬಿಟ್ರಿ?"

"ಇದು... ನೀವು... ನೀಲಿದು ಬಿಡಿ ಅಂತ ಭಾವ ಹೇಳಿದ್ದನ್ನ ನೀವೂ ಕೇಳಿಸಿಕೊಂಡಿರಲ್ಲ?"

"ಕೇಳಿಸ್ಕೊಂಡೆ ಸಾರ್. ನೀವು ಬಿಟ್ರಿ, ನಾನು ತಗೊಂಡೆ. ಸಲಹೆ ಕೊಡೋದು ನನ್ನ ಕೆಲಸ, ಕೇಳೋದಲ್ಲ." ಸ್ಟೀರಿಂಗನ್ನು ಪ್ರೀತಿಯಿಂದ ತಟ್ಟಿದರು. "ನಮ್ಮಪ್ಪ ಲಾರಿ ಬಿಡ್ತಿದ್ರು, ನಂಗೂ ಕಲಿಸಿದ್ರು, ಕೈ ಮರೆತಿಲ್ಲ. ಮೇಲಿನ ಬಡಾವಣೇಲಿ ಒಬ್ಬರಿಗೆ ಸೂಟು ಕೊಡೋದಿತ್ತು. ಬನ್ನಿ ಅಮ್ಮ, ನಿಮ್ಮಕ್ಕನ ಮನೆ ದಾರೀಲೇ."

ಹೆಂಡತಿ ಗಂಡನ ಮುಖ ನೋಡದೆ ನೀಲಿ ಕಾರಿನ ಮುಂದಿನ ಸೀಟಿನಲ್ಲಿ ಕೂತಳು. ಅವಳ ಮೊಣಕಾಲಿಗೆ ಜಾಗ ಆರಾಮಾಗಿ ಸಾಕಾಯಿತು. ಟೇಲರ್ ಕಿಟಕಿಯಿಂದ ಬಾಗಿ ಕೇಳಿದರು, "ನಿಮ್ಮನ್ನೂ ಬಿಡ್ಲಾ ಸಾರ್?"

ಬೇರೆ ದಿನವಾಗಿದ್ದರೆ, 'ಬಿಡುವುದಲ್ಲ, ತಲುಪಿಸುವುದು' ಎಂದು ತಿದ್ದುತ್ತಿದ್ದರು. ಇವತ್ತು ಅವರು ಪಾಠ ಕಲಿತಿದ್ದರು. ಜನ ಆಡುವ ಮಾತನ್ನು ಜನ ಆಡುವ ಅರ್ಥದಲ್ಲೇ ಆಡಬೇಕು. ತಲೆ ತಗ್ಗಿಸಿ, ತುಂಬ ವಿನಯದಿಂದ, "ಬಿಡಿ," ಎಂದರು.

"ಸರಿ ಸಾರ್, ನಿಮ್ಮಿಷ್ಟ," ಎಂದು ಟೇಲರ್ ಕಾರು ಬಿಟ್ಟುಕೊಂಡು ಹೊರಟೇಹೋದರು.

ಹಿಂದಿನ ಗಾಜಿನಲ್ಲಿ ಹೆಂಡತಿ ತಿರುಗಿ ನೋಡಿದ್ದು ಕಾಣಿಸಿತು. ಇಷ್ಟು ವರ್ಷ ಜೊತೆಗಿದ್ದವಳು, ಯಾವ ಅರ್ಥದ 'ಬಿಡಿ' ಎಂದು ಅವಳಿಗೆ ತಿಳಿಯದೆ ಇರಲಾರದು. ಆದರೆ ಕಾರು ನಿಲ್ಲಲಿಲ್ಲ.

ಚಪ್ಪಲಿ ತೆಗೆದರೆ ಕಾರು ಜಾರುತ್ತದೆ. ಆದ್ದರಿಂದ ಚಪ್ಪಲಿ ಅಲ್ಲೇ ಉಳಿಯಿತು. ತಿದ್ದುಪಡಿಯವರು ಏರಿನ ಅರ್ಧಕ್ಕೆ ಬಂದ ಬಸ್ಸಿಗೆ ಕೈ ತೋರಿಸಿ, ಒಂದೇ ಚಪ್ಪಲಿಯಲ್ಲಿ ಹತ್ತಿದರು.

ಅಕ್ಕ ಬಾಗಿಲಲ್ಲೇ ನಿಂತಿದ್ದರು. ನೋಟ ಮುಖದಿಂದ ಶುರುವಾಗಿ ಕಾಲಿನಲ್ಲಿ ಮುಗಿಯಿತು.

"ಬಸ್ಸಲ್ಲೇ ಬಂದ್ರಾ?"

ಒಳಗೆ ಸೋಫಾದ ಮೇಲೆ ಹೆಂಡತಿ ನೆಮ್ಮದಿಯಾಗಿ ಕೂತಿದ್ದಳು. ಕಾರಿನಿಂದ ಇಳಿದು ಮೆಟ್ಟಿಲು ಹತ್ತಿದ ಕಳೆ ಅವಳ ಮುಖದಲ್ಲಿ ಇನ್ನೂ ಆರಿರಲಿಲ್ಲ. ಅಲ್ಲಿಂದಲೇ ಹೇಳಿದಳು.

"ಬಿಡು ಅಕ್ಕ. ಅವರಿಗೆ ಕಾರು ಬಿಡೋಕೆ ಬರಲ್ಲ."

ತಿದ್ದುಪಡಿಯವರು ಬಾಯಿ ತೆರೆದರು. ಆ ಮಾತನ್ನು ಯಾವ ಅರ್ಥದಲ್ಲಿ ಹಿಡಿದರೂ ತಿದ್ದುವಂಥದ್ದು ಏನೂ ಸಿಗಲಿಲ್ಲ. ಬಾಯಿ ಮುಚ್ಚಿದರು. ಅಕ್ಕನ ಗಂಡ ಆಗಲೇ ಹಳೆಯ ಚಪ್ಪಲಿ ಹುಡುಕಲು ಒಳಗೆ ಹೋಗಿದ್ದರು.